ಯಾವ ನಾಗರಹಾವು?

ನಮ್ಮ ಊರಿನ ಹೆಸರು ಹೇಳಿದ ಕೂಡಲೇ ಎದುರಿನವರು ಕೇಳುವ ಮೊದಲ ಪ್ರಶ್ನೆ, "ಯಾವ ರಾಂಪುರ?" ರಾಂಪುರ, ರಾಮಪುರ, ರಾಮಾಪುರ ಎಂಬ ಊರುಗಳಿಗೆ ನಮ್ಮ ನಾಡಿನಲ್ಲಿ ಬರವಿಲ್ಲ. ಉತ್ತರದಲ್ಲಿ ನವಾಬರ ರಾಂಪುರವಿದೆ. ರಝಾ ಗ್ರಂಥಾಲಯ ಇರುವುದು ಅಲ್ಲಿ, ರಾಂಪುರಿ ಚಾಕು ಹುಟ್ಟಿದ್ದು ಅಲ್ಲಿ, ಸಹಸ್ವಾನದ ಜೊತೆ ಹೆಸರು ಹಂಚಿಕೊಂಡ ಸಂಗೀತ ಘರಾಣೆಯೂ ಅಲ್ಲಿಯದೇ. ಆದ್ದರಿಂದ ನಾವು ಮೊಳಕಾಲ್ಮೂರು ರಾಂಪುರ ಎನ್ನುತ್ತೇವೆ. ಅದೂ ತಿಳಿಯದಿದ್ದರೆ ಬಳ್ಳಾರಿ ರಸ್ತೆಯ ರಾಂಪುರ ಎನ್ನುತ್ತೇವೆ. ಹೆಸರು ಒಂದೇ ಆದಾಗ ಮುಂದೆ ಇನ್ನೊಂದು ಹೆಸರನ್ನು ಸೇರಿಸುವುದು ಹಳ್ಳಿಗರ ಸರಳ ಬುದ್ಧಿ. ಒಂದೇ ಬೀದಿಯಲ್ಲಿ ಮೂವರು ಬಾಷಾ ಇದ್ದರೆ ಟೈಲರ್ ಬಾಷಾ, ಹಾಲಿನ ಬಾಷಾ, ಮೇಷ್ಟ್ರು ಬಾಷಾ ಎಂದು ಬೇರೆ ಮಾಡಿಕೊಳ್ಳುತ್ತೇವೆ. ಯಾರ ಹೆಸರನ್ನೂ ಯಾರೂ ಕಿತ್ತುಕೊಂಡ ಹಾಗಾಗುವುದಿಲ್ಲ.

ಈ ಸರಳ ಬುದ್ಧಿಯನ್ನು ನಾವು ಪುಸ್ತಕ, ನಾಟಕ, ಸಿನಿಮಾಗಳ ವಿಷಯದಲ್ಲಿ ಮರೆತಿದ್ದೇವೆಯೇ ಎಂಬುದು ಈ ಬರಹದ ಪ್ರಶ್ನೆ. ಒಂದೇ ಶೀರ್ಷಿಕೆಯನ್ನು ಹಲವು ಕೃತಿಗಳು ಹೊತ್ತಾಗ ಏನಾಗುತ್ತದೆ? ಯಾವುದು ಉಳಿಯುತ್ತದೆ, ಯಾವುದು ಮರೆವಿಗೆ ಸಲ್ಲುತ್ತದೆ? ಇದಕ್ಕೆ ಉದಾಹರಣೆ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ರಾಂಪುರದಿಂದ ಚಳ್ಳಕೆರೆಗೆ ಹೋಗುವ ಹೆದ್ದಾರಿಯಲ್ಲೇ ತಳಕು ಎಂಬ ಊರಿದೆ. 'ನಾಗರಹಾವು' ಬರೆದ ತ.ರಾ. ಸುಬ್ಬರಾಯರ ಹೆಸರಿನ ಮೊದಲ ಅಕ್ಷರ ಆ ಊರಿನದು.

ಹಂಚಿಕೊಂಡ ಹೆಸರಿನ ಹಳೆಯ ಮರ್ಯಾದೆ

ಹಾವಿನ ಕಥೆಗೆ ಹೋಗುವ ಮುನ್ನ ಹಿಂದಿನವರು ಹೆಸರುಗಳನ್ನು ಹೇಗೆ ಹಂಚಿಕೊಳ್ಳುತ್ತಿದ್ದರು ಎಂಬುದನ್ನು ನೋಡಬೇಕು.

ನಮ್ಮ ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಅಶೋಕನ ಶಾಸನ ಮೂರು ಕಡೆ ಬಂಡೆಯ ಮೇಲಿದೆ: ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗರಾಮೇಶ್ವರ. ಕ್ರಿಸ್ತಪೂರ್ವ 3ನೆಯ ಶತಮಾನದ ಈ ಬರಹಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಮಾತು ಒಂದೇ, ಕಲ್ಲು ಮೂರು. ಬರೆದ ಚಪಡ ಎಂಬ ಲಿಪಿಕಾರ ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಕೊರೆದು, ಕೊನೆಗೆ 'ಲಿಪಿಕಾರ' ಎಂಬ ತನ್ನ ಕಸುಬಿನ ಮಾತನ್ನು ಮಾತ್ರ ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ಉರ್ದುವಿನ ಹಾಗೆ ಬಲದಿಂದ ಎಡಕ್ಕೆ ಸಾಗುವ ಲಿಪಿ. ಸಾಮ್ರಾಟನ ಮಾತನ್ನು ನಕಲು ಮಾಡುವ ಕೆಲಸದಲ್ಲೂ ಅವನು ತನ್ನ ಗುರುತನ್ನು ಬಿಟ್ಟು ಹೋದ. ಮಾತು ದೊರೆಯದು, ಕೈ ನನ್ನದು ಎಂಬ ಆ ಪ್ರಾಮಾಣಿಕತೆ ಎರಡು ಸಾವಿರ ವರ್ಷ ದಾಟಿಯೂ ಓದಲು ಸಿಗುತ್ತದೆ.

ಕನ್ನಡದ ಕವಿಗಳು ಮಹಾಭಾರತವನ್ನು ಮತ್ತೆ ಮತ್ತೆ ಹೇಳಿದರು. ಜನ ಅವನ್ನು ಪಂಪ ಭಾರತ, ಕುಮಾರವ್ಯಾಸ ಭಾರತ ಎಂದು ಕರೆದರು. ಕಥೆ ಎಲ್ಲರದು, ಹೇಳಿದ ದನಿ ಇಂಥವರದು ಎಂಬ ಲೆಕ್ಕ ಆ ಹೆಸರಿನಲ್ಲೇ ಚುಕ್ತಾ ಆಗಿದೆ.

ಫಾರಸಿ ಕಾವ್ಯದಲ್ಲೂ ಇಂಥದೇ ಒಂದು ಪದ್ಧತಿ ಇತ್ತು. ನಿಜಾಮಿ ಗಂಜವಿ 'ಲೈಲಾ ಮಜ್ನೂ' ಬರೆದದ್ದು 1188ರಲ್ಲಿ. ನೂರು ವರ್ಷ ಕಳೆದ ಮೇಲೆ ದಿಲ್ಲಿಯ ಅಮೀರ್ ಖುಸ್ರೋ ಅದೇ ಕಥೆಯನ್ನು 1299ರಲ್ಲಿ ಬರೆದಾಗ ಹೆಸರುಗಳನ್ನು ಹಿಂದು ಮುಂದು ಮಾಡಿ 'ಮಜ್ನೂ ಲೈಲಾ' ಎಂದ. ಜಾಮಿ 1484ರಲ್ಲಿ ಮತ್ತೆ ಬರೆದ. ಇದನ್ನು ಅಲ್ಲಿನವರು ಕಳವು ಎನ್ನಲಿಲ್ಲ, 'ಜವಾಬ್' ಎಂದರು. ಉಸ್ತಾದನ ಕೃತಿಗೆ ಶಿಷ್ಯ ಕೊಡುವ ಉತ್ತರ ಅದು. ಅದೇ ಹೆಸರನ್ನು ತೆಗೆದುಕೊಂಡವನು ಮೊದಲಿನವನನ್ನು ಓದುಗರಿಗೆ ನೆನಪಿಸುತ್ತಿದ್ದ, ಅವನ ಜೊತೆ ತನ್ನನ್ನು ತೂಗಿ ನೋಡಿ ಎಂದು ಎದೆಯೊಡ್ಡುತ್ತಿದ್ದ. ಹೆಸರನ್ನು ಹಂಚಿಕೊಳ್ಳುವುದೆಂದರೆ ಋಣವನ್ನು ಒಪ್ಪಿಕೊಳ್ಳುವುದು.

ಕೆಲವೊಮ್ಮೆ ಕಥೆ ಒಂದೇ ಇದ್ದು ಹೆಸರು ಬೇರೆಯಾಗುವುದೂ ಉಂಟು. ಬಕಾವಲಿ ಹೂವಿನ ಕಥೆಯನ್ನು ನಿಹಾಲ್ ಚಂದ್ ಲಾಹೋರಿ ಫಾರಸಿಯಿಂದ ಉರ್ದು ಗದ್ಯಕ್ಕೆ ತಂದಾಗ 'ಮಝಹಬೆ ಇಶ್ಕ್' ಎಂದು ಕರೆದರು. ಪಂಡಿತ್ ದಯಾಶಂಕರ್ ನಸೀಮ್ ಅದನ್ನೇ ಮಸ್ನವಿಯಾಗಿಸಿ 'ಗುಲ್ಝಾರೆ ನಸೀಮ್' ಎಂದರು. ತಮಿಳಿನಲ್ಲಿ 1955ರಲ್ಲಿ ಎಂ.ಜಿ.ಆರ್., ತೆಲುಗಿನಲ್ಲಿ 1962ರಲ್ಲಿ ಎನ್.ಟಿ.ಆರ್. ನಟಿಸಿದ ಚಿತ್ರಗಳು ಮತ್ತೆ ಹಳೆಯ 'ಗುಲೇಬಕಾವಲಿ' ಹೆಸರಿಗೇ ಮರಳಿದವು. ಮುಸ್ಲಿಮರು ಹೇಳಿದ ಕಥೆಗೆ ಕಾಶ್ಮೀರಿ ಪಂಡಿತರೊಬ್ಬರು ಉರ್ದುವಿನಲ್ಲಿ ಶ್ರೇಷ್ಠ ರೂಪ ಕೊಟ್ಟರು. ತಮಿಳರು, ತೆಲುಗರು ಅದಕ್ಕೆ ಕುಣಿದರು. ಹೂವು ಯಾರದೆಂದು ಯಾರೂ ಜಗಳವಾಡಲಿಲ್ಲ.

ತಳಕಿನವರ ನಾಗರಹಾವು

ತ.ರಾ.ಸು. ಹುಟ್ಟಿದ್ದು 1920ರಲ್ಲಿ, ಮಲೇಬೆನ್ನೂರಿನಲ್ಲಿ. ಮನೆತನ ತಳಕಿನದು. ಕುವೆಂಪು ಅವರ ಗುರು ಟಿ.ಎಸ್. ವೆಂಕಣ್ಣಯ್ಯನವರು ಇದೇ ಮನೆತನದವರು. 'ಶ್ರೀ ರಾಮಾಯಣ ದರ್ಶನಂ' ಅರ್ಪಿತವಾಗಿರುವುದು ಅವರಿಗೆ. ಮಳೆ ಕಡಿಮೆ, ಜಾಲಿ ಜಾಸ್ತಿ ಎಂದು ಹೊರಗಿನವರು ಮೂಗು ಮುರಿಯುವ ಈ ಸೀಮೆಯಿಂದ ಕನ್ನಡಕ್ಕೆ ಸಂದದ್ದು ಕಡಿಮೆಯೇನಲ್ಲ.

ತ.ರಾ.ಸು. ಪ್ರಗತಿಶೀಲ ಚಳವಳಿಯ ಲೇಖಕರು, ಅ.ನ.ಕೃ. ಅವರ ಒಡನಾಡಿ. ಈ 'ಪ್ರಗತಿಶೀಲ' ಎಂಬುದೂ ಹಂಚಿಕೊಂಡ ಹೆಸರೇ. 1936ರಲ್ಲಿ ಲಖನೌದಲ್ಲಿ ಪ್ರೇಮಚಂದರ ಅಧ್ಯಕ್ಷತೆಯಲ್ಲಿ ಸೇರಿದ ಲೇಖಕರನ್ನು ಉರ್ದುವಿನಲ್ಲಿ 'ತರಕ್ಕಿ ಪಸಂದ್' ಎನ್ನುತ್ತಾರೆ. ಅದರ ಕನ್ನಡ ರೂಪ ಪ್ರಗತಿಶೀಲ. ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಕಲಿತ ನಮ್ಮಂಥವರಿಗೆ ಇಸ್ಮತ್ ಚುಗ್ತಾಯಿ, ಮಂಟೋ, ಕೃಷನ್ ಚಂದರ್ ಒಂದು ಕೈಯಲ್ಲಿ, ಅ.ನ.ಕೃ., ತ.ರಾ.ಸು., ನಿರಂಜನ, ಕಟ್ಟೀಮನಿ ಇನ್ನೊಂದು ಕೈಯಲ್ಲಿ ಸಿಕ್ಕಾಗ ಇವರೆಲ್ಲ ಒಂದೇ ಮೊಹಲ್ಲಾದವರು ಅನ್ನಿಸಿದ್ದು ಸುಮ್ಮನೆ ಅಲ್ಲ.

'ನಾಗರಹಾವು' ಕಾದಂಬರಿಯಲ್ಲಿ ಹಾವು ಪಾತ್ರವಲ್ಲ, ಅದು ಒಬ್ಬ ಹುಡುಗನ ಸ್ವಭಾವ. ರಾಮಾಚಾರಿ ದುರ್ಗದ ಬ್ರಾಹ್ಮಣರ ಮನೆಯ ಮಗ. ತುಳಿದರೆ ಹೆಡೆಯೆತ್ತುವವನು, ಪ್ರೀತಿಯಿಂದ ಕರೆದರೆ ತಲೆಬಾಗುವವನು. ಅವನನ್ನು ಅರ್ಥ ಮಾಡಿಕೊಂಡವರು ಚಾಮಯ್ಯ ಮೇಷ್ಟ್ರು ಒಬ್ಬರೇ. ಈ ಕಾದಂಬರಿಯ ಜೊತೆ 'ಒಂದು ಗಂಡು ಎರಡು ಹೆಣ್ಣು' ಮತ್ತು 'ಸರ್ಪಮತ್ಸರ' ಎಂಬ ಇನ್ನೆರಡನ್ನು ಸೇರಿಸಿ ಎಸ್.ಆರ್. ಪುಟ್ಟಣ್ಣ ಕಣಗಾಲ್ 1972ರಲ್ಲಿ ಚಿತ್ರ ಮಾಡಿದರು. ನಿರ್ಮಾಪಕರು ಎನ್. ವೀರಾಸ್ವಾಮಿ, ಸಂಗೀತ ವಿಜಯಭಾಸ್ಕರ್. ಸಂಪತ್ ಕುಮಾರ್ ಎಂಬ ಯುವಕ ವಿಷ್ಣುವರ್ಧನನಾಗಿ ಅದರಲ್ಲಿ ನಾಯಕನಾದ. ಮಳವಳ್ಳಿಯ ಅಮರನಾಥ ಅಂಬರೀಶನಾದ. ಆರತಿ ಅಲಮೇಲು, ಶುಭಾ ಮಾರ್ಗರೆಟ್, ಕೆ.ಎಸ್. ಅಶ್ವತ್ಥ್ ಚಾಮಯ್ಯ ಮೇಷ್ಟ್ರು. ಒಂದೇ ಹಾಡಿನಲ್ಲಿ ಬಂದು ಹೋಗುವ ಒನಕೆ ಓಬವ್ವನಾಗಿ ಜಯಂತಿ. ದುರ್ಗದ ಕೋಟೆಯ ಕಲ್ಲುಗಳಂತೂ ಯಾವ ನಟನಿಗೂ ಕಡಿಮೆಯಿಲ್ಲದೆ ನಟಿಸಿದವು.

ಚಿತ್ರ ಗೆದ್ದಿತು. ಆದರೆ ಕಾದಂಬರಿಕಾರರು ಸಂತೋಷಪಡಲಿಲ್ಲ. ಪುಟ್ಟಣ್ಣ ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ತ.ರಾ.ಸು. ಬೇಸರಪಟ್ಟುಕೊಂಡದ್ದು ಕನ್ನಡಿಗರಿಗೆಲ್ಲ ಗೊತ್ತಿರುವ ಸಂಗತಿ. ಹೊಲದಲ್ಲಿ ನಡೆದಾಡುವವರಿಗೆ ಆ ಮಾತಿನ ತೂಕ ತಿಳಿಯುತ್ತದೆ. ಕೇರೆಹಾವು ಕಚ್ಚಿದರೂ ವಿಷವಿಲ್ಲ. ಇಲಿ ತಿಂದು ರೈತನಿಗೆ ಉಪಕಾರ ಮಾಡುವ ಸಾಧು ಪ್ರಾಣಿ. ತಮ್ಮ ಪಾತ್ರದ ವಿಷ ಇಳಿದುಹೋಯಿತು, ಉಳಿದದ್ದು ಹಾವಿನ ಉದ್ದ ಮಾತ್ರ ಎಂಬುದು ಆ ನೋವು. ಪುಟ್ಟಣ್ಣನವರ ಪರವಾಗಿಯೂ ಹೇಳಬೇಕಾದ್ದಿದೆ. ಮೂರು ಕಾದಂಬರಿಗಳನ್ನು ಒಂದು ಸಂಜೆಯ ಆಟಕ್ಕೆ ಇಳಿಸುವಾಗ ಏನನ್ನಾದರೂ ಬಿಡಲೇಬೇಕು. ಗುರುವಿನ ಸಾವಿಗೆ ಕಾರಣನಾಗಿ, ಮಾರ್ಗರೆಟ್ ಜೊತೆ ಬೆಟ್ಟದಿಂದ ಹಾರುವ ಆ ಕೊನೆಯನ್ನು ನೋಡಿ ಹೊರಬಂದವರು ಹಾವು ಯಾರು, ವಿಷ ಯಾರದು ಎಂದು ಯೋಚಿಸಿದ್ದೂ ನಿಜ. ಬ್ರಾಹ್ಮಣ ಹುಡುಗ, ಕ್ರೈಸ್ತ ಹುಡುಗಿ. ಇಬ್ಬರನ್ನೂ ಬಾಳಲು ಬಿಡದ ಊರು. ಆ ವಿಷ ಇಳಿದಿದೆ ಎಂದು ಹೇಳುವ ಧೈರ್ಯ ಇಂದಿಗೂ ನಮಗಿಲ್ಲ.

ಇಲ್ಲಿ ಗಮನಿಸಬೇಕಾದ್ದು ಇಷ್ಟು: 1972ರಲ್ಲೇ 'ನಾಗರಹಾವು' ಎಂಬ ಹೆಸರಿನಲ್ಲಿ ಎರಡು ಕೃತಿಗಳಾದವು. ಒಂದು ತ.ರಾ.ಸು. ಅವರದು, ಇನ್ನೊಂದು ಪುಟ್ಟಣ್ಣನವರದು. ಎರಡನೆಯದು ಮೊದಲನೆಯದಕ್ಕೆ ಕೊಟ್ಟ ಜವಾಬು. ಉಸ್ತಾದನಿಗೆ ಜವಾಬು ಒಪ್ಪಿಗೆಯಾಗಲಿಲ್ಲ, ಅಷ್ಟೆ.

ಗಡಿ ದಾಟಿದ ಹಾವು

ರಾಂಪುರ ಗಡಿನಾಡು. ಅತ್ತ ಕಡೆ ಆಂಧ್ರ, ಇತ್ತ ಕಡೆ ಕರ್ನಾಟಕ. ಮಾತಿನಲ್ಲಿ ಕನ್ನಡ, ತೆಲುಗು, ದಖನಿ ಮೂರೂ ಒಂದೇ ಚಹಾದ ಲೋಟದಲ್ಲಿ ಕಲೆತಿರುತ್ತವೆ. ಒಂದು ಸಿನಿಮಾವನ್ನು ಎರಡು ಮೂರು ಭಾಷೆಗಳಲ್ಲಿ ನೋಡಿ ಹೋಲಿಸುವುದು ಇಂಥ ಊರುಗಳಿಗೆ ಸಹಜ. 1974ರಲ್ಲಿ ಇದೇ ಕಥೆ ತೆಲುಗಿನಲ್ಲಿ 'ಕೋಡೆನಾಗು' ಆಯಿತು, ಶೋಭನ್ ಬಾಬು ನಾಯಕ. ತಮಿಳಿನಲ್ಲಿ 'ರಾಜನಾಗಂ' ಆಯಿತು. ಹಿಂದಿಯಲ್ಲಿ ಪುಟ್ಟಣ್ಣನವರೇ ರಿಷಿ ಕಪೂರ್, ಮೌಶುಮಿ ಚಟರ್ಜಿ, ನೀತೂ ಸಿಂಗ್ ಅವರನ್ನು ಹಾಕಿಕೊಂಡು 'ಝೆಹ್ರೀಲಾ ಇನ್ಸಾನ್' ಮಾಡಿದರು.

ತೆಲುಗರು ಹಾವಿಗೆ ಪ್ರಾಯ ಕೊಟ್ಟರು, ತಮಿಳರು ಕಿರೀಟ ಕೊಟ್ಟರು. ಹಿಂದಿಗೆ ಹೋದಾಗ ಹಾವೇ ಮಾಯವಾಗಿ 'ವಿಷದ ಮನುಷ್ಯ' ಉಳಿದ. ಕನ್ನಡದ ಹೆಸರು ಹೇಳದೆ ಬಿಟ್ಟದ್ದನ್ನು ಹಿಂದಿ ಬಿಚ್ಚಿ ಹೇಳಿತು. ಹೇಳಿದ ಮೇಲೆ ಊಹಿಸಲು ಏನೂ ಉಳಿಯುವುದಿಲ್ಲ. ಉತ್ತರದವರಿಗೆ ಆ ಚಿತ್ರದ ಹಾಡು ನೆನಪಿದೆ, ಕಥೆ ನೆನಪಿಲ್ಲ.

ತ.ರಾ.ಸು. ಅವರ ಇನ್ನೊಂದು ಕಾದಂಬರಿ 'ಹಂಸಗೀತೆ'ಗೂ ಇಂಥ ಪ್ರಯಾಣವಿದೆ. ದುರ್ಗದ ಸಂಗೀತಗಾರನ ಆ ಕಥೆ 1956ರಲ್ಲಿ ಹಿಂದಿಯಲ್ಲಿ 'ಬಸಂತ್ ಬಹಾರ್' ಆಯಿತು. ಅದರಲ್ಲಿ ನಮ್ಮ ಗದಗಿನ ಭೀಮಸೇನ ಜೋಶಿ ಮತ್ತು ಮನ್ನಾಡೇ ಒಟ್ಟಿಗೆ ಹಾಡಿದರು. ಕನ್ನಡದಲ್ಲಿ ಅದು ಸ್ವಂತ ಹೆಸರಿನಲ್ಲೇ ತೆರೆಗೆ ಬರಲು 1975ರವರೆಗೆ, ಜಿ.ವಿ. ಅಯ್ಯರ್ ಅವರ ಚಿತ್ರದವರೆಗೆ ಕಾಯಬೇಕಾಯಿತು. ಒಂದು ಕಾದಂಬರಿಯ ಹೆಸರು ಎಲ್ಲರ ಪಾಲಾಯಿತು, ಇನ್ನೊಂದರ ಹೆಸರು ಹೊರಗೆ ಹೋಗಲೇ ಇಲ್ಲ. ಎರಡೂ ಸಂದರ್ಭದಲ್ಲಿ ಬರೆದವನ ಹೆಸರು ಮಾತ್ರ ಸಣ್ಣ ಅಕ್ಷರದಲ್ಲೇ ಉಳಿಯಿತು.

ಜಲೀಲ ಎಂಬ ಹೆಸರು

ಈ ಚಿತ್ರವನ್ನು ನೋಡುವ ಮುಸ್ಲಿಂ ಪ್ರೇಕ್ಷಕನಿಗೆ ಒಂದು ಸಣ್ಣ ಮುಳ್ಳು ಚುಚ್ಚುತ್ತದೆ. ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಅಂಬರೀಶ್ ಮಾಡಿದ ಪಾತ್ರದ ಹೆಸರು ಜಲೀಲ. ಸೈಕಲ್ ಹತ್ತಿ, ದಾರಿಯಲ್ಲಿ ಹೋಗುವ ಹುಡುಗಿಯನ್ನು ಪೀಡಿಸುವ ಪುಂಡ. ಅದೇ ಚಿತ್ರದ ಓಬವ್ವನ ಹಾಡಿನಲ್ಲಿ ಹೈದರಾಲಿಯ ಸೈನಿಕರು ಕಿಂಡಿಯಿಂದ ತೂರಿ ಬಂದು ಒನಕೆಗೆ ಬಲಿಯಾಗುತ್ತಾರೆ. ನೋಡಿದವರ ನೆನಪಿನಲ್ಲಿ ನಿಲ್ಲುವ ಮುಸ್ಲಿಮರು ಈ ಎರಡೇ ಬಗೆ: ಬೀದಿಯ ಪುಂಡ ಮತ್ತು ಕೋಟೆಯ ಶತ್ರು. 1779ರಲ್ಲಿ ದುರ್ಗ ಹೈದರನ ಕೈಸೇರಿದ್ದು ಇತಿಹಾಸ. ಓಬವ್ವನ ಧೈರ್ಯ ದುರ್ಗದ ಎಲ್ಲ ಹೆಣ್ಣುಮಕ್ಕಳ ಹೆಮ್ಮೆ, ಅವರಲ್ಲಿ ನಮ್ಮ ಹೆಣ್ಣುಮಕ್ಕಳೂ ಸೇರಿದ್ದಾರೆ. ಅದಕ್ಕೆ ತಕರಾರಿಲ್ಲ. ಮಸೀದಿಯ ಪಕ್ಕದ ಗಲ್ಲಿಯಲ್ಲಿ ಬಳೆ ಮಾರುವವನೂ ಗಾಡಿ ರಿಪೇರಿ ಮಾಡುವವನೂ ಮೇಷ್ಟ್ರೂ ಇದ್ದರು, ಅವರು ಕ್ಯಾಮೆರಾದ ಕಣ್ಣಿಗೆ ಬೀಳಲಿಲ್ಲ ಎಂಬುದಷ್ಟೇ ನಮ್ಮ ಮಾತು.

ಹೆಸರಿನೊಳಗೆ ಇನ್ನೊಂದು ಹೆಸರು ಅಡಗಿರುವುದು ಇಲ್ಲಿ. ಉರ್ದುವಿನಲ್ಲಿ 'ಜೀಮ್' ಅಕ್ಷರದಿಂದ ಬರೆಯುವ ಜಲೀಲ್ ಎಂದರೆ ಮಹಿಮೆಯುಳ್ಳವನು. ಅದು ಅಲ್ಲಾಹನ ತೊಂಬತ್ತೊಂಬತ್ತು ನಾಮಗಳಲ್ಲಿ ಒಂದು. ಆ ಕಾರಣಕ್ಕೇ ನಮ್ಮಲ್ಲಿ ಮಕ್ಕಳಿಗೆ ಅಬ್ದುಲ್ ಜಲೀಲ್ ಎಂದು ಹೆಸರಿಡುತ್ತಾರೆ. 'ಝಾಲ್' ಅಕ್ಷರದಿಂದ ಬರೆಯುವ ಇನ್ನೊಂದು ಶಬ್ದವಿದೆ, ಅದರ ಅರ್ಥ ನೀಚ, ಮಾನಗೆಟ್ಟವನು. ಉರ್ದು ಬಾಯಿಗೆ ಇವೆರಡೂ ಬೇರೆ ಬೇರೆ. ಕನ್ನಡ ಲಿಪಿಗೆ ಬಂದಾಗ ಎರಡೂ 'ಜ'ಕಾರದಲ್ಲಿ ಒಂದಾಗಿಬಿಡುತ್ತವೆ. ತೆರೆಯ ಮೇಲಿನ ಜಲೀಲ ಹೆಸರಿನಲ್ಲಿ ಮೊದಲನೆಯವನು, ನಡತೆಯಲ್ಲಿ ಎರಡನೆಯವನು. ಬರೆದವರು ಇದನ್ನು ಬೇಕೆಂದು ಮಾಡಿದರೆಂದು ನಾವು ಹೇಳುವುದಿಲ್ಲ. ಆದರೆ ಉರ್ದು ಬಲ್ಲ ಕಿವಿಗೆ ಅದು ಕೇಳಿಸದೆ ಇರುವುದಿಲ್ಲ.

ಆಮೇಲೆ ನಡೆದದ್ದು ಇನ್ನೂ ಕುತೂಹಲದ್ದು. ಜನ ಆ ಪುಂಡನನ್ನು ದ್ವೇಷಿಸಲಿಲ್ಲ, ಪ್ರೀತಿಸಿಬಿಟ್ಟರು. ಹುಚ್ಚೇಗೌಡರ ಮನೆತನದ ಮಂಡ್ಯದ ಹುಡುಗ ಮುಂದೆ ನಾಯಕನಟನಾಗಿ, ಕೇಂದ್ರದಲ್ಲೂ ರಾಜ್ಯದಲ್ಲೂ ಮಂತ್ರಿಯಾಗಿ, 2018ರ ನವೆಂಬರಿನಲ್ಲಿ ತೀರಿಕೊಳ್ಳುವವರೆಗೂ ಹಳೆಯ ಅಭಿಮಾನಿಗಳ ಬಾಯಲ್ಲಿ ಜಲೀಲನಾಗಿ ಉಳಿದರು. ಒಬ್ಬ ಹಿಂದೂ ನಟನನ್ನು ಜನ ಪ್ರೀತಿಯಿಂದ ಮುಸ್ಲಿಂ ಹೆಸರು ಹಿಡಿದು ಕರೆದ ಇಂಥ ಉದಾಹರಣೆ ಕನ್ನಡದಲ್ಲಿ ಬೇರೆ ಸಿಗುವುದು ಕಷ್ಟ. ಪುಂಡನ ಹೆಸರಾಗಿ ಬಂದದ್ದು ಅಕ್ಕರೆಯ ಹೆಸರಾಗಿ ಹೊರಟಿತು. ಹೆಸರು ಯಾವ ಬಾಯಲ್ಲಿ ಬದುಕುತ್ತದೆ ಎಂಬುದರ ಮೇಲೆ ಅದರ ಅರ್ಥ ಬದಲಾಗುತ್ತದೆ.

ಜಲೀಲ ಹುಡುಗಿಯನ್ನು 'ಬುಲ್ ಬುಲ್' ಎಂದು ಕರೆಯುತ್ತಾನೆ. ಫಾರಸಿ, ಉರ್ದು ಕಾವ್ಯದಲ್ಲಿ ಬುಲ್ ಬುಲ್ ಗುಲಾಬಿಗಾಗಿ ರಾತ್ರಿಯಿಡೀ ಹಾಡುವ ಹಕ್ಕಿ, ಪ್ರೇಮಿಯ ಪ್ರತಿರೂಪ. ಅಲ್ಲಿ ಹಾಡುವವನು ಬುಲ್ ಬುಲ್, ಮೌನವಾಗಿರುವುದು ಹೂವು. ದುರ್ಗದ ಬೀದಿಯಲ್ಲಿ ಅದು ತಿರುಗುಮುರುಗಾಗಿ ಹುಡುಗಿಯೇ ಬುಲ್ ಬುಲ್ ಆದಳು, ಅವಳು ಮಾತನಾಡಲಿ ಎಂದು ಹುಡುಗ ಕಾದ. ಆ ಒಂದು ಮಾತು ಕನ್ನಡಿಗರ ಬಾಯಿಪಾಠವಾಯಿತು. 2013ರಲ್ಲಿ ಎಂ.ಡಿ. ಶ್ರೀಧರ್ ನಿರ್ದೇಶನದಲ್ಲಿ ದರ್ಶನ್ ನಾಯಕನಾದ 'ಬುಲ್ ಬುಲ್' ಎಂಬ ಚಿತ್ರವೇ ಬಂತು. ಅದರಲ್ಲಿ ಅಂಬರೀಶ್ ಕೂಡ ಇದ್ದರು.

ಹೆಸರು ಉಳಿಯಿತು, ಕಥೆ ಬದಲಾಯಿತು

2002ರಲ್ಲಿ ಮತ್ತೊಂದು 'ನಾಗರಹಾವು' ಬಂತು. ನಿರ್ದೇಶಕರು ಎಸ್. ಮುರಳಿಮೋಹನ್, ನಾಯಕ ಉಪೇಂದ್ರ, ನಾಯಕಿ ಜ್ಯೋತಿಕಾ. ದುರ್ಗಕ್ಕೂ ರಾಮಾಚಾರಿಗೂ ಇದಕ್ಕೂ ಸಂಬಂಧವಿಲ್ಲ. 1993ರಲ್ಲಿ ಶಾರುಖ್ ಖಾನ್ ನಟಿಸಿದ್ದ ಹಿಂದಿಯ 'ಬಾಜಿಗರ್' ಚಿತ್ರದ ಕನ್ನಡ ರೂಪ ಇದು. ಬಾಜಿಗರ್ ಎಂದರೆ ಆಟಗಾರ, ಕೈಚಳಕದವನು. ಕನ್ನಡಕ್ಕೆ ಬರುವಾಗ ಆಟಗಾರ ಹೋಗಿ ಹಾವು ಬಂತು. ಹಾವು ಹಗೆಯನ್ನು ಮರೆಯದು ಎಂಬ ಹಳ್ಳಿಯ ನಂಬಿಕೆ ಸೇಡಿನ ಕಥೆಗೆ ಹೊಂದಿಕೆಯಾಗುತ್ತದೆ ಎಂಬುದು ಒಂದು ಕಾರಣವಿರಬಹುದು. ಮೂವತ್ತು ವರ್ಷ ಜನರ ನಾಲಿಗೆಯ ಮೇಲಿದ್ದ ಹೆಸರು ತಾನಾಗಿಯೇ ಪ್ರಚಾರ ಮಾಡುತ್ತದೆ ಎಂಬುದು ಇನ್ನೊಂದು.

2016ರ ಅಕ್ಟೋಬರಿನಲ್ಲಿ ಮೂರನೆಯದು ಬಂತು. ಕೋಡಿ ರಾಮಕೃಷ್ಣ ನಿರ್ದೇಶನ, ರಮ್ಯಾ ಮತ್ತು ದಿಗಂತ್ ತಾರಾಗಣ. ನಿರ್ಮಾಪಕರಲ್ಲಿ ಸಾಜಿದ್ ಖುರೇಷಿಯವರೂ ಇದ್ದರು. ನಾಗಶಕ್ತಿಯ ಕಥೆ, ಗ್ರಾಫಿಕ್ಸ್ ಹಾವು. 2009ರ ಡಿಸೆಂಬರ್ 30ರಂದು ತೀರಿಕೊಂಡಿದ್ದ ವಿಷ್ಣುವರ್ಧನ್ ಅವರ ಮುಖವನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಿ ತೆರೆಯ ಮೇಲೆ ತಂದದ್ದು ಅದರ ವಿಶೇಷ. ತೆಲುಗಿನಲ್ಲಿ ಅದು 'ನಾಗಭರಣಂ' ಎಂಬ ಹೆಸರಿನಲ್ಲಿ ತೆರೆ ಕಂಡಿತು. ಕನ್ನಡದಲ್ಲಿ ಮಾತ್ರ ಹಳೆಯ ಹೆಸರೇ ಬೇಕಾಯಿತು. ಏಕೆಂದರೆ ಹೆಸರು ಮತ್ತು ಮುಖ ಸೇರಿದರೆ ಮಾತ್ರ ಅಭಿಮಾನಿಗಳ ಕಣ್ಣು ಒದ್ದೆಯಾಗುತ್ತದೆ ಎಂಬುದು ಮಾಡಿದವರಿಗೆ ಗೊತ್ತಿತ್ತು.

ಈ ಮೂರೂ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. 1972ರಲ್ಲಿ ಹಾವು ಒಬ್ಬ ಯುವಕನ ಮನಸ್ಸಿನೊಳಗಿತ್ತು. ಅದನ್ನು ಸಮಾಜ ಕೆಣಕಿತ್ತು. 2002ರಲ್ಲಿ ಹಾವು ಒಂದು ಸೇಡು. ಲೆಕ್ಕ ತೀರಿಸಿದರೆ ಮುಗಿಯಿತು. 2016ರಲ್ಲಿ ಹಾವು ನಿಜವಾದ ಹಾವೇ ಆಗಿ, ದೈವಶಕ್ತಿಯಾಗಿ ಹೊರಗೆ ಬಂತು. ಉಪಮೆಯಾಗಿದ್ದದ್ದು ಉರಗವಾಯಿತು. ವಿಷ ನಮ್ಮೊಳಗಿದೆ ಎಂದು ಹೇಳುತ್ತಿದ್ದ ಶೀರ್ಷಿಕೆ ಈಗ ವಿಷವನ್ನು ಹೊರಗಿನ ಖಳನಿಗೆ ಒಪ್ಪಿಸಿ ನಮ್ಮನ್ನು ನಿರಾಳ ಮಾಡಿತು. ಇದು ಸಿನಿಮಾದ ತಂತ್ರ ಬೆಳೆದ ಕಥೆ ಮಾತ್ರವಲ್ಲ. ತಪ್ಪನ್ನು ಒಳಗೆ ಹುಡುಕುತ್ತಿದ್ದ ಕಾಲ ಹೋಗಿ ಹೊರಗೆ ಹುಡುಕುವ ಕಾಲ ಬಂದದ್ದರ ಕಥೆಯೂ ಹೌದು.

ಹೆಸರಿನ ವಂಶ ಇಲ್ಲಿಗೇ ನಿಲ್ಲಲಿಲ್ಲ. ವೀರಾಸ್ವಾಮಿಯವರ ಮಗ ರವಿಚಂದ್ರನ್ 1991ರಲ್ಲಿ 'ರಾಮಾಚಾರಿ' ಎಂಬ ಚಿತ್ರದಲ್ಲಿ ನಟಿಸಿದರು. ಅದು ತಮಿಳಿನ 'ಚಿನ್ನತಂಬಿ'ಯ ಕನ್ನಡ ರೂಪ, ಆ ರಾಮಾಚಾರಿ ಬೇರೆ. 2014ರಲ್ಲಿ ಯಶ್ ನಟಿಸಿದ 'ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ' ಬಂತು. ಅದರ ನಾಯಕ ವಿಷ್ಣುವರ್ಧನ್ ಅಭಿಮಾನಿ. 2022ರಲ್ಲಿ 'ರಾಮಾಚಾರಿ' ಎಂಬ ಟಿ.ವಿ. ಧಾರಾವಾಹಿ ಶುರುವಾಯಿತು. ತ.ರಾ.ಸು. ಕಟ್ಟಿದ ಒಬ್ಬ ಹುಡುಗನ ಹೆಸರು ಐವತ್ತು ವರ್ಷ ದುಡಿದು ಇಷ್ಟು ಮನೆಗಳಿಗೆ ಅನ್ನ ಹಾಕಿತು.

ಬೇರೆ ಹೆಸರುಗಳೂ ಹೀಗೆ ದುಡಿದಿವೆ. 'ಸತ್ಯ ಹರಿಶ್ಚಂದ್ರ' ಕನ್ನಡದಲ್ಲಿ 1943ರಲ್ಲಿ ಆರ್. ನಾಗೇಂದ್ರರಾಯರ ಚಿತ್ರ, 1965ರಲ್ಲಿ ರಾಜಕುಮಾರ್ ನಟಿಸಿದ ಹುಣಸೂರು ಕೃಷ್ಣಮೂರ್ತಿಯವರ ಚಿತ್ರ, 2017ರಲ್ಲಿ ಶರಣ್ ನಟಿಸಿದ ಹಾಸ್ಯ ಚಿತ್ರ. ರಾಘವಾಂಕನ ಸತ್ಯಸಂಧ ಏಳು ನೂರು ವರ್ಷ ದಾಟಿ ನಗೆಚಿತ್ರಕ್ಕೆ ಬಂದು ನಿಂತ. 'ಗಂಧದ ಗುಡಿ' ಇದಕ್ಕೆ ಎದುರಾದ ಉದಾಹರಣೆ. 1973ರಲ್ಲಿ ತಂದೆ ರಾಜಕುಮಾರ್ ಕಾಡು ಉಳಿಸುವ ಅಧಿಕಾರಿಯಾದ ಚಿತ್ರ. 2022ರಲ್ಲಿ ಮಗ ಪುನೀತ್ ರಾಜಕುಮಾರ್ ತೀರಿಕೊಂಡ ಒಂದು ವರ್ಷಕ್ಕೆ ತೆರೆಕಂಡ, ಅವರೇ ಕಾಡು ಸುತ್ತಿದ ಸಾಕ್ಷ್ಯಚಿತ್ರ. ಅಲ್ಲಿ ಹೆಸರಿನ ಜೊತೆ ಕಾಳಜಿಯೂ ಕೈದಾಟಿತು. ಖುಸ್ರೋ ಹೇಳುತ್ತಿದ್ದ ಜವಾಬು ಅಂಥದ್ದು.

ಕಾನೂನು ಏನನ್ನುತ್ತದೆ?

ಒಬ್ಬರ ಕೃತಿಯ ಹೆಸರನ್ನು ಇನ್ನೊಬ್ಬರು ಹೀಗೆ ತೆಗೆದುಕೊಳ್ಳಬಹುದೇ ಎಂದು ಓದುಗರು ಕೇಳಬಹುದು. 2011ರ ಹಿಂದಿ ಚಿತ್ರ 'ದೇಸಿ ಬಾಯ್ಸ್' ಹೆಸರಿನ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಬರೀ ಶೀರ್ಷಿಕೆ ಎಂಬುದು ಪೂರ್ಣ ಕೃತಿಯಲ್ಲ, ಅದಕ್ಕೆ ಕೃತಿಸ್ವಾಮ್ಯ ಸಿಗದು ಎಂದು ನ್ಯಾಯಾಲಯ 2015ರಲ್ಲಿ ಹೇಳಿತು. ಸಾಮಾನ್ಯ ಮಾತುಗಳನ್ನು ಯಾರೂ ಬೇಲಿ ಹಾಕಿ ಇಟ್ಟುಕೊಳ್ಳುವಂತಿಲ್ಲ. ಚಿತ್ರರಂಗದಲ್ಲಿ ಶೀರ್ಷಿಕೆ ನೋಂದಣಿ ನಡೆಯುವುದು ವಾಣಿಜ್ಯ ಮಂಡಳಿಯಂಥ ಸಂಸ್ಥೆಗಳಲ್ಲಿ. ಅದು ಧಂಧೆಯೊಳಗಿನ ಶಿಸ್ತು.

ಈ ತೀರ್ಪು ನಮಗೆ ನ್ಯಾಯ ಎನ್ನಿಸುತ್ತದೆ. ನಾಗರಹಾವು ಎಂಬ ಪದ ತ.ರಾ.ಸು. ಅವರಿಗಿಂತ ಹಳೆಯದು. ಪಂಜೆ ಮಂಗೇಶರಾಯರ ಮಕ್ಕಳ ಪದ್ಯದಲ್ಲಿ ಅದು ಹೆಡೆಯೆತ್ತಿದೆ, ಪಂಚಮಿಯ ದಿನ ಹುತ್ತದ ಮುಂದೆ ಹಾಲು ಹಿಡಿದು ನಿಂತವರ ಮನಸ್ಸಿನಲ್ಲಿದೆ. ದೀಪಾವಳಿಯಲ್ಲಿ ಬೆಂಕಿ ಸೋಕಿದರೆ ಕಪ್ಪಗೆ ಸುರುಳಿಯಾಗಿ ಏಳುವ ಗುಳಿಗೆಯೂ ಮಕ್ಕಳ ಬಾಯಲ್ಲಿ ಹಾವೇ. ಪದವನ್ನು ಯಾರೂ ಕೊಂಡುಕೊಳ್ಳಲಾಗದು. ಆದರೆ ಕಾನೂನು ಕೇಳದ ಒಂದು ಸಾಲವನ್ನು ಓದುಗರಾದರೂ ನೆನಪಿಡಬೇಕಲ್ಲವೇ?

1972ರ ಚಿತ್ರವನ್ನು ಹೊಸ ತಂತ್ರಜ್ಞಾನದಲ್ಲಿ ಶುದ್ಧ ಮಾಡಿ 2018ರ ಜುಲೈನಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಚಿತ್ರಮಂದಿರಗಳ ಮುಂದೆ ಹಬ್ಬವಾಯಿತು. ಕಟೌಟಿಗೆ ಹಾರ ಬಿತ್ತು, ಹಾಡಿಗೆ ಜನ ಕುಣಿದರು. ಸಂತೋಷದ ವಿಷಯ. ಆದರೆ ಹಾಗೆ ಕುಣಿದ ಎಷ್ಟು ಮಂದಿ ಕಾದಂಬರಿಯನ್ನು ಕೈಯಲ್ಲಿ ಹಿಡಿದಿರುತ್ತಾರೆ? ಇಂದು ನಮ್ಮ ಮಕ್ಕಳು ಮೊಬೈಲಿನಲ್ಲಿ 'ನಾಗರಹಾವು' ಎಂದು ಹುಡುಕಿದರೆ ಮೊದಲು ಹಾಡುಗಳು ಬರುತ್ತವೆ, ಆಮೇಲೆ ಗ್ರಾಫಿಕ್ಸ್ ಹಾವು ಬರುತ್ತದೆ. ಪುಸ್ತಕದವರೆಗೆ ಹೋಗುವ ತಾಳ್ಮೆ ಬೆರಳಿಗೆ ಇರುವುದಿಲ್ಲ. 'ದುರ್ಗಾಸ್ತಮಾನ'ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅದನ್ನು ಬರೆದವರು ತೀರಿಕೊಂಡು ವರ್ಷವಾಗಿತ್ತು. ಕಾಲ ಅವರಿಗೆ ತಡವಾಗಿಯೇ ಕೊಟ್ಟಿತು, ಬೇಗ ಮರೆಯುತ್ತಿದೆ.

ಇದರಲ್ಲಿ ನಮ್ಮ ಪಾಲೂ ಇದೆ. ಜಲೀಲನ ಬಗ್ಗೆ ತಕರಾರು ಹೇಳುವ ನಾವು ಆ ಕಾದಂಬರಿಗಳನ್ನು ನಮ್ಮ ಮಕ್ಕಳಿಗೆ ಓದಿಸಿದ್ದೇವೆಯೇ? ನಮ್ಮ ಗಲ್ಲಿಯ ಬಳೆಗಾರನನ್ನು, ಮೇಷ್ಟ್ರನ್ನು ಕನ್ನಡದಲ್ಲಿ ಬರೆದು, ಜಲೀಲ ಎಂಬ ಹೆಸರಿನ ಇನ್ನೊಬ್ಬ ಮನುಷ್ಯನನ್ನು ಕನ್ನಡಿಗರ ಮನೆಗೆ ಕಳುಹಿಸುವುದು ಯಾರ ಕೆಲಸ? ಹೆಸರಿಗೆ ಬಂದ ಒಂದು ಅರ್ಥ ನಮಗೆ ಒಪ್ಪಿಗೆಯಿಲ್ಲದಿದ್ದರೆ, ಅದೇ ಹೆಸರಿನಲ್ಲಿ ಇನ್ನೊಂದು ಕಥೆ ಬರೆಯುವುದೇ ಅದಕ್ಕೆ ತಕ್ಕ ಜವಾಬು. ಸಾರಾ ಅಬೂಬಕರ್, ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ, ಬಾನು ಮುಷ್ತಾಕ್ ಮಾಡಿದ್ದು ಇದನ್ನೇ. ಬಾನು ಅವರ 'ಎದೆಯ ಹಣತೆ' 'ಹಾರ್ಟ್ ಲ್ಯಾಂಪ್' ಎಂಬ ಹೆಸರಿನಲ್ಲಿ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದದ್ದು ನಾವು ಕಂಡಿದ್ದೇವೆ. ಬಯಲುಸೀಮೆಯ ಮುಸ್ಲಿಂ ಬದುಕು ಮಾತ್ರ ಇನ್ನೂ ತನ್ನ ಕಥೆಗಾರರಿಗಾಗಿ ಕಾಯುತ್ತಿದೆ.

ಅಲ್ಲಿಯವರೆಗೆ ಒಂದು ಸಣ್ಣ ಕೆಲಸವನ್ನು ಎಲ್ಲರೂ ಮಾಡಬಹುದು, ಖರ್ಚಿಲ್ಲದ್ದು. ಮಾತಿನ ಮಧ್ಯೆ 'ನಾಗರಹಾವು' ಎಂದು ಬಂದಾಗ ಹಳ್ಳಿಗರ ಹಾಗೆ ಮುಂದೆ ಒಂದು ಹೆಸರು ಸೇರಿಸೋಣ: ತ.ರಾ.ಸು. ಅವರ ನಾಗರಹಾವು, ಪುಟ್ಟಣ್ಣನವರ ನಾಗರಹಾವು, ಉಪೇಂದ್ರ ಅವರ ನಾಗರಹಾವು. ಯಾರ ಹೆಸರನ್ನೂ ಯಾರೂ ಕಿತ್ತುಕೊಂಡ ಹಾಗಾಗುವುದಿಲ್ಲ. ಬಳ್ಳಾರಿ ಕಡೆಯಿಂದ ಚಳ್ಳಕೆರೆಗೆ ಹೋಗುವ ಬಸ್ಸಿನಲ್ಲಿ ತಳಕು ಬಂದಾಗ ಕಿಟಕಿಯ ಪಕ್ಕದ ಮಗುವಿಗೆ ಇದು ಯಾರ ಊರು ಎಂದು ಹೇಳಿದರೂ ಸಾಕು.